ಗಂಧಕದ ಹೊಗೆ

೨೦೧೩ರ ಬೇಸಿಗೆಯಲ್ಲಿ ಐಗಳಿಯ ಸಿದಗೌಡ ಮಾಮಾ ತನ್ನ ಒಣದ್ರಾಕ್ಷಿ ಶೆಡ್ಡಿನಲ್ಲಿ ರಕ್ತ ಕಾರಿಕೊಂಡ. ಅವನು ನಮ್ಮ ತೋಟದ ನೆರೆಯವನು. ಸಂಬಂಧವಿಲ್ಲದಿದ್ದರೂ ನನಗೆ ಮಾಮಾ.

ದ್ರಾಕ್ಷಿಯ ಬಣ್ಣದ ವಿಷಯದಲ್ಲಿ ಅವನು ಹಟಮಾರಿ. ಒಣಗಿದ ಹಣ್ಣಿಗೆ ಗಂಧಕದ ಹೊಗೆ ಕೊಡುವಾಗ ಬೇರೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ. ಕೆಮ್ಮುತ್ತ ಹೊರಬಂದು ಒಂದು ಹಣ್ಣನ್ನು ಬೆಳಕಿಗೆ ಹಿಡಿದು, "ನೋಡಲೇ ಅಳಿಯಾ, ಗಾಳಿ ಬಡಿದ್ರ ಹಣ್ಣ ಕರ್ರಗಾಕ್ಕೈತಿ. ಹೊಗಿ ಹಿಡದ್ರ ಗಾಳಿ ಏನೂ ಮಾಡೂದಿಲ್ಲ" ಎನ್ನುತ್ತಿದ್ದ.

ಸಂಜೆಯಾದರೆ ಕುಡಿಯುತ್ತಿದ್ದ. ದ್ರಾಕ್ಷಿಯಲ್ಲಿ ಆಂಟಿಆಕ್ಸಿಡೆಂಟ್ ಇದೆ, ಅದು ಲಿವರ್ ಕೆಡದಂತೆ ಕಾಯುತ್ತದೆ ಎಂದು ಸಾಂಗಲಿಯ ವ್ಯಾಪಾರಿಯೊಬ್ಬ ಹೇಳಿದ್ದನ್ನು ಮನೆಗೆ ಬಂದು ಹೆಂಡತಿ ಗಂಗವ್ವನಿಗೆ ಹೇಳಿದ.

"ಯಾವ ಆಂಟೀಗಿ ಆಕ್ಸಿಡೆಂಟ್ ಆತ್ರಿ?" ಎಂದಳು ಗಂಗವ್ವ ಅತ್ತೆ.

"ಲೇ ಹುಚ್ಚಿ, ಅದು ಲಿವರಿಗೆ ಕೊಡೂ ಗಂಧಕದ ಹೊಗಿ!"

ಮೊದಲು ಹಿಡಿ ಒಣದ್ರಾಕ್ಷಿ ತಿಂದು ಕುಡಿಯುತ್ತಿದ್ದವನು, ಆಮೇಲೆ ಅಥಣಿಯ ಔಷಧ ಅಂಗಡಿಯಿಂದ ಅದೇ ಹೆಸರಿನ ಗುಳಿಗೆ ತರತೊಡಗಿದ. ಗ್ಲಾಸು ಹಿಡಿಯುವ ಮೊದಲು ಅವನ ಅಂಗೈಗೆ ಗುಳಿಗೆ ಹಾಕುತ್ತಿದ್ದವಳು ಅತ್ತೆಯೇ. "ದಾರೂ ಬಿಡಸಾಕ ನನ್ನ ಕೈಲೆ ಆಗಲಿಲ್ಲ. ಗುಳಿಗಿ ಆದರೂ ತಪ್ಪಬಾರದ ತಮ್ಮಾ" ಎಂದಿದ್ದಳು.

ರಕ್ತ ಕಾರಿದ ದಿನ ನಾವು ಅವನನ್ನು ಮಿರಜದ ಆಸ್ಪತ್ರೆಗೆ ಒಯ್ದೆವು. ಕಣ್ಣುಗಳು ಅರಿಸಿನದಂತೆ ಹಳದಿಯಾಗಿದ್ದವು. ಆದರೂ ಡಾಕ್ಟರಿಗೆ ತನ್ನ ಹೊಗೆಯ ಲೆಕ್ಕ ವಿವರಿಸಿದ. ಅವರು ಕೊನೆಯವರೆಗೆ ಕೇಳಿದರು.

"ಹೊಗಿ ಕೊಟ್ಟ ಹಣ್ಣ ದಿನಾ ಕೆಂಡದ ಮ್ಯಾಲ ಇಟ್ರ ಬಣ್ಣ ಉಳದೀತೇನ್ರಿ ಗೌಡ್ರ?"

"ಹೆಂಗ ಉಳೀತೈತ್ರಿ? ಸುಟ್ಟ ಹೊಕ್ಕೈತಿ."

"ನೀವು ಮಾಡಾಕತ್ತಿದ್ದೂ ಅದ. ಕುಡಿಯೂದು ಬಿಟ್ರ ಉಳಸಾಕ ನೋಡಬಹುದು. ಕುಡಕೋತ ಇದ್ರ ಈ ಗುಳಿಗಿ ಕಾಯೂದಿಲ್ಲ."

ಹೊರಗೆ ಅತ್ತೆ ನನ್ನ ತೋಳು ಹಿಡಿದಳು. "ಹಂಗಾರ ನಾನ ಧೈರ್ಯ ಕೊಟ್ಟ ಕುಡಿಸಿದಂಗಾತಲ್ಲೋ?"

ಮಳೆಗಾಲ ಪೂರ್ತಿ ಮಾಮಾ ಕುಡಿಯಲಿಲ್ಲ. ಹೊಲಕ್ಕೆ ಹೋದ, ಊಟ ಸೇರಿತು, ಅತ್ತೆಯ ಮುಖದಲ್ಲಿ ಬಣ್ಣ ಬಂತು. ಮುಂದಿನ ಸುಗ್ಗಿಯಲ್ಲಿ ಮಾಲು ನೋಡಲು ಬಂದವರು ಶೆಡ್ಡಿನಲ್ಲಿ ಬಾಟಲಿ ತೆರೆದರು. ಅತ್ತೆ ಗುಳಿಗೆ ಬಚ್ಚಿಟ್ಟಿದ್ದಳು; ಅದು ಸಿಕ್ಕದಿದ್ದರೆ ಕುಡಿಯಲಾರ ಎಂದು ನಂಬಿದ್ದಳು. ಅವನು ತಾನೇ ಅಥಣಿಗೆ ಹೋಗಿ ಹೊಸದು ತಂದ. ನಾನು ಬೈದೆ.

"ಕುಡದೇನಿ ಖರೆ. ಆದ್ರ ಎರಡ ಗುಳಿಗಿ ನುಂಗಿ ಕುಡದೇನಿ."

ಕೊನೆಯ ಸಲ ನೋಡಿದ್ದು ಮತ್ತೆ ಮಿರಜದಲ್ಲಿ, ಮಧ್ಯಾಹ್ನ. ಹೊಟ್ಟೆ ಊದಿತ್ತು, ಕೈ ಕಡ್ಡಿಯಾಗಿದ್ದವು.

"ಗಂಗಾ, ಗುಳಿಗಿ ತಂದೀಯೇನ?"

"ಡಾಕ್ಟರ್ ಬ್ಯಾಡ ಅಂದಾರ್ರೀ."

"ಒಂದ ಕೊಡಬೇ. ಇವತ್ತ ಕುಡದಿಲ್ಲಲ್ಲ, ಇವತ್ತಾದ್ರೂ ಹೊಗಿ ಹಿಡೀತೈತಿ."

ಅತ್ತೆ ನನ್ನತ್ತ ನೋಡಿದಳು. ಆಮೇಲೆ ಚೀಲ ಬಿಚ್ಚಿ ಒಂದು ಗುಳಿಗೆ ತೆಗೆದು ಅವನ ನಾಲಿಗೆಯ ಮೇಲಿಟ್ಟಳು, ಚಮಚದಿಂದ ನೀರು ಹಾಕಿದಳು. ನೀರಿನೊಂದಿಗೆ ಅದು ಬಾಯಂಚಿನಿಂದ ಹೊರಗೆ ಬಂತು.

ಅಂದು ಹೊತ್ತು ಮುಳುಗುವ ಮುಂಚೆ ಸಿದಗೌಡ ಮಾಮಾ ತೀರಿಕೊಂಡ.