ಕೊಸರಿನ ಒಂದು ಸುತ್ತು

ಧಾರವಾಡದ ನೀರು ಸರಬರಾಜು ಕಚೇರಿಯಲ್ಲಿ ಜೂನಿಯರ್ ಇಂಜಿನಿಯರನಾಗಿ ಹನ್ನೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಎಂಟು ದಿನಕ್ಕೊಮ್ಮೆಯಾದರೂ ನಲ್ಲಿಯಲ್ಲಿ ನೀರು ಬರುವಂತೆ ನೋಡಿಕೊಳ್ಳುವುದು. ಲಂಡನ್ನಿನಲ್ಲಿ ನನಗೆ ಸಂಬಳ ಸಿಕ್ಕಿದ್ದು ನೀರು ಒಂದು ಹನಿಯೂ ಹೊರಗೆ ಬಾರದಂತೆ ನೋಡಿಕೊಳ್ಳುವುದಕ್ಕೆ. ಇಲ್ಲಿ ಮನೆಮನೆಯ ಕಿಟಕಿಯ ಕೆಳಗೆ ತಗಡಿನ ಚಪ್ಪಟೆ ಪೆಟ್ಟಿಗೆಯೊಂದು ಗೋಡೆಗೆ ಆತುಕೊಂಡಿರುತ್ತದೆ. ಹೆಸರು ರೇಡಿಯೇಟರ್. ಚಳಿಗಾಲವಿಡೀ ಅದರ ಹೊಟ್ಟೆಯಲ್ಲಿ ಬಿಸಿನೀರು ಸುತ್ತುತ್ತಾ ಮನೆಯನ್ನು ಬೆಚ್ಚಗಿಡುತ್ತದೆ. ಆ ನೀರನ್ನು ಯಾರೂ ಕುಡಿಯುವುದಿಲ್ಲ, ಅದಕ್ಕಾಗಿ ಕೊಡ ಹಿಡಿದು ಯಾರೂ ಜಗಳಾಡುವುದಿಲ್ಲ. ಕಣ್ಣಿಗೆ ಬಿದ್ದ ದಿನ ಮಾತ್ರ ಜನ ಅದರ ಹೆಸರೆತ್ತುತ್ತಾರೆ, ಅದೂ ಬೈಯಲಿಕ್ಕೆ.

ನಾನು ಬಂದದ್ದು ತೊಂಬತ್ತರ ದಶಕದ ನಡುವೆ, ಹೆಂಡತಿ ಶೈಲಾಳ ಬೆನ್ನಿಗೆ. ಅವಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ. ನನಗೆ ವೀಸಾದ ಕೃಪೆಯಿಂದ ‘ಅವಲಂಬಿತ’ ಎಂಬ ಬಿರುದು. ಆಸ್ಪತ್ರೆಯವರು ಕೊಟ್ಟ ಒಂದು ಕೋಣೆಯ ಮನೆ. ಬಚ್ಚಲಿಗೂ ಕಾರ್ಪೆಟ್ಟು ಹಾಸಿದ್ದರು. ಮೂರು ತಿಂಗಳಲ್ಲಿ ನಾನು ಸಾಧಿಸಿದ ಘನಕಾರ್ಯವೆಂದರೆ ವಾರಕ್ಕೊಮ್ಮೆ ಬಸ್ಸು ಹಿಡಿದು ಟೂಟಿಂಗಿನ ನಮ್ಮ ದೇಶದವರ ಅಂಗಡಿಯಿಂದ ಕರಿಬೇವು ತಂದದ್ದು. ನನ್ನ ಡಿಪ್ಲೊಮಾ ನೋಡಿದವರೆಲ್ಲ ‘ಲವ್ಲಿ’ ಎಂದರು. ನಮ್ಮ ಕಡೆ ಬಾಗಿಲಿಗೆ ಬಂದವನಿಗೆ ‘ಮುಂದೆ ಹೋಗಪ್ಪ’ ಎನ್ನುತ್ತೇವಲ್ಲ, ಅದನ್ನೇ ಇಲ್ಲಿ ಹಾಗೆ ಹೇಳುತ್ತಾರೆ.

ಕೊನೆಗೆ ಕೆಲಸ ನೋಡೋಣ ಬಾ ಎಂದು ಕರೆದವನು ಬ್ರೆಂಡನ್ ಎಂಬ ಐರಿಷ್ ಪ್ಲಂಬರ್. ಪಾಟೀಲ ಎಂಬ ನನ್ನ ಹೆಸರು ಮೊದಲ ದಿನವೇ ಅವನ ಬಾಯಲ್ಲಿ ತುಂಡಾಗಿ ‘ಪ್ಯಾಟ್’ ಆಯಿತು. ಇತ್ತ ಇಲಾಖೆ ಕೊಟ್ಟಿದ್ದ ಸಂಬಳವಿಲ್ಲದ ರಜೆ ಮುಗಿಯಲು ಇಪ್ಪತ್ತು ದಿನ ಉಳಿದಿತ್ತು. ಬ್ರೆಂಡನ್ ಖಾಯಂ ಮಾಡಿಕೊಂಡರೆ ರಾಜೀನಾಮೆ ಬರೆದು ಇಲ್ಲೇ ಉಳಿಯುವುದು. ಇಲ್ಲವಾದರೆ ಶೈಲಾ ಇಲ್ಲಿ, ನಾನು ಅಲ್ಲಿ.

ಆ ಶುಕ್ರವಾರ ಬ್ರೆಂಡನ್ ನನ್ನೊಬ್ಬನನ್ನೇ ಒಂದು ಮನೆಯ ಮುಂದೆ ಇಳಿಸಿದ. ಮೂರು ರೇಡಿಯೇಟರುಗಳ ಹಳೆಯ ವಾಲ್ವ್ ಬಿಚ್ಚಿ ಹೊಸದು ಕೂರಿಸಬೇಕು. ‘ಸೋರದಿದ್ದರೆ ಸೋಮವಾರದಿಂದ ನೀನು ನನ್ನವನು, ಪ್ಯಾಟ್. ಸೋರಿದರೆ ನಿನ್ನನ್ನು ದೇವರೇ ಕಾಯಬೇಕು’ ಎಂದು ವ್ಯಾನು ತಿರುಗಿಸಿದ.

ಬಾಗಿಲು ತೆರೆದವರು ಮೈಸೂರಿನ ಡಾಕ್ಟರ್ ಮೂರ್ತಿ. ಹದಿನೈದು ದಿನದ ಹಿಂದೆ ಕನ್ನಡಿಗರ ದೀಪಾವಳಿ ಊಟದಲ್ಲಿ ಶೈಲಾ ನನ್ನನ್ನು ‘ಇಂಜಿನಿಯರ್’ ಎಂದು ಪರಿಚಯಿಸಿದ್ದಳು. ಆಗ ಅವರು ಕೈಕುಲುಕಿ, ನಾಡಿನ ನೀರಿನ ಭವಿಷ್ಯದ ಬಗ್ಗೆ ನನ್ನ ಘನ ಅಭಿಪ್ರಾಯ ಕೇಳಿದ್ದರು. ಈಗ ನನ್ನ ನೀಲಿ ಉಡುಪು, ಕೈಯ ಪೆಟ್ಟಿಗೆ ನೋಡಿ, ಕೆಲಸ ಎಲ್ಲೆಲ್ಲಿದೆ ಎಂದು ಇಂಗ್ಲಿಷಿನಲ್ಲಿ ತೋರಿಸಿದರು. ಆ ಭಾಷೆಯಲ್ಲಿ ಏಕವಚನ, ಬಹುವಚನದ ಗೊಡವೆಯಿಲ್ಲ ಎನ್ನುತ್ತಾರೆ. ನನಗೆ ಅವರದು ಏಕವಚನವೆಂದು ಸ್ಪಷ್ಟವಾಗಿ ಕೇಳಿಸಿತು.

ಗೊಂದಲಕ್ಕೆ ಬಿದ್ದವರು ಅವರ ಹೆಂಡತಿ ವಿಮಲಾ. ‘ಅಯ್ಯೋ, ಶೈಲಾ ಅವರ ಯಜಮಾನ್ರಲ್ವೇ! ಈಗ ನಿಮಗೆ ಶೂ ಬಿಚ್ಚಿ ಅನ್ಲೋ, ಪರವಾಗಿಲ್ಲ ಬನ್ನಿ ಅನ್ಲೋ, ಒಂದೂ ತೋಚ್ತಿಲ್ಲ.’

‘ಬಿಚ್ಚತೀನ್ರಿ ಅಕ್ಕಾರ’ ಎಂದು ಬಿಚ್ಚಿದೆ. ಬರಿಗಾಲಿನ ಪ್ಲಂಬರ್ ಲಂಡನ್ನಿನ ಚರಿತ್ರೆಯಲ್ಲಿ ನಾನೇ ಮೊದಲಿಗನಿರಬೇಕು.

ರೇಡಿಯೇಟರಿನ ಬಾಯಿಗೆ ಸೇರುವ ತುಂಡಿನ ತಿರುಪಿಗೆ ಬಿಳಿ ಟೇಪು ಸುತ್ತಬೇಕು. ನಮ್ಮಲ್ಲಿ ದಾರ ಸುತ್ತಿ ಪೇಂಟು ಬಳಿಯುವ ವಿದ್ಯೆಯೇ ಇದು. ಪೈಪಿನ ಕಡೆಯ ಜಾಯಿಂಟು ಮಾತ್ರ ಬೇರೆ ಜಾತಿ. ಅಲ್ಲಿ ನೀರು ತಡೆಯುವುದು ತಿರುಪಲ್ಲ, ಒಳಗಿನ ಹಿತ್ತಾಳೆಯ ಸಣ್ಣ ಉಂಗುರ. ಇಲ್ಲಿಯವರು ಅದಕ್ಕೆ ಆಲಿವ್ ಎನ್ನುತ್ತಾರೆ. ನಟ್ಟನ್ನು ಮೊದಲು ಕೈಯಲ್ಲಿ ಬಿಗಿಸಿ, ವಾಲ್ವನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಇನ್ನೊಂದರಿಂದ ಒಂದೇ ಸುತ್ತು. ಉಂಗುರ ಪೈಪನ್ನು ಕಚ್ಚಿಕೊಳ್ಳುತ್ತದೆ. ಅಷ್ಟೇ.

ಅಷ್ಟೇ ಎಂದಲ್ಲಿಗೆ ಕೈ ನಿಲ್ಲಬೇಕಲ್ಲ! ಸಂತೆಯಲ್ಲಿ ಅಳೆದುಕೊಟ್ಟ ಮೇಲೂ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಎದ್ದವರು ನಾವಲ್ಲ. ನಮ್ಮ ಕಚೇರಿಯ ಫಿಟ್ಟರುಗಳು ಜಾಯಿಂಟಿಗೂ ‘ಕೊಸರಿರ್ಲಿ’ ಎಂದು ಇನ್ನೊಂದು ಸುತ್ತು ಕೊಡುತ್ತಿದ್ದರು. ಮೇಲಿನ ಎರಡು ಕೋಣೆಗಳಲ್ಲಿ ನಾನು ಬ್ರೆಂಡನ್ ಹೇಳಿದಷ್ಟೇ ತಿರುಗಿಸಿದೆ. ಮೂರನೆಯದು ಕೆಳಗೆ ನಡುಮನೆಯಲ್ಲಿ, ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ, ಗಣಪತಿಯ ಪಕ್ಕದಲ್ಲಿ. ಎಷ್ಟಾದರೂ ನಮ್ಮವರ ಮನೆ. ಅಭಿಮಾನಕ್ಕೆ ಒಂದು ಸುತ್ತು ಕೊಸರು ಹಾಕಿದೆ.

ನೀರು ತುಂಬಿಸಿದ ಸ್ವಲ್ಪ ಹೊತ್ತಿಗೆ ಆ ಜಾಯಿಂಟಿನಿಂದ, ಒಳಗಿನ ಹಳೆಯ ತುಕ್ಕು ಕಲಸಿ, ಮಸಿಯಂಥ ನೀರು ಕಾರ್ಪೆಟ್ಟಿಗೆ ಇಳಿಯಿತು.

ಮೂರ್ತಿಯವರು ಬ್ರೆಂಡನ್‌ಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ ದೂರಿದರು. ಬಳಿಕ ಹೆಂಡತಿಯ ಕಡೆ ತಿರುಗಿ ಕನ್ನಡಕ್ಕೆ ಇಳಿದರು.

‘ಇಂಜಿನಿಯರಂತೆ, ಇಂಜಿನಿಯರ್! ಒಂದ್ ನಟ್ ತಿರುಗ್ಸೋಕ್ ಬರಲ್ಲ.’

‘ಮೆಲ್ಲಗ್ ಹೇಳಿ, ಅವರಿಗೆ ಕೇಳ್ಸತ್ತೆ.’

‘ಕೇಳ್ಲಿ ಬಿಡು. ನಮ್ಮೋರನ್ನ ಮನೆಯೊಳಗ್ ಬಿಟ್ಟಿದ್ದೇ ತಪ್ಪು.’

ನಾನು ಅವರಿಂದ ನಾಲ್ಕು ಮಾರು ದೂರದಲ್ಲಿ, ಮಂಡಿಯೂರಿ, ಟವೆಲಿನಿಂದ ನೀರು ಒತ್ತುತ್ತಿದ್ದೆ. ಲಂಡನ್ನಿನಲ್ಲಿ ಕೆಲಸಕ್ಕೆ ಹೋದ ಮನೆಗಳಲ್ಲಿ ಒಂದು ಮಾತೂ ಬಿಡದಂತೆ ನನಗೆ ಅರ್ಥವಾದ ಮೊದಲ ಸಂಭಾಷಣೆ ಅದು.

ಬ್ರೆಂಡನ್ ಬಂದ. ಪೈಪು ಹಳೆಯದು ಎಂದು ಹೇಳಿ ನಾನು ಪಾರಾಗಬಹುದಿತ್ತು. ಅವನು ನಟ್ಟು ಬಿಚ್ಚಿ, ಬಿಗಿ ಹೆಚ್ಚಾಗಿ ನುಜ್ಜಾದ ಉಂಗುರ ನೋಡಿ ಕೇಳಿದ: ‘ಎಷ್ಟು ಸುತ್ತು?’

‘ಒಂದು. ಆಮೇಲೆ ಇನ್ನೊಂದು.’

‘ಇನ್ನೊಂದು ಯಾಕೆ?’

ಕೊಸರಿಗೆ ನನಗೆ ಇಂಗ್ಲಿಷ್ ಸಿಗಲಿಲ್ಲ. ‘ಪ್ರೀತಿಗೆ’ ಎಂದೆ.

ಬ್ರೆಂಡನ್ ಉಂಗುರದ ಮೇಲೆ ಬೆರಳಾಡಿಸಿದ. ‘ಪ್ರೀತಿಯನ್ನು ಹಿತ್ತಾಳೆ ತಡೆಯುವುದಿಲ್ಲ, ಪ್ಯಾಟ್.’ ಆಮೇಲೆ ಮೂರ್ತಿಯವರಿಗೆ, ‘ಕಾರ್ಪೆಟ್ಟು ನಾನು ತೊಳೆಸಿಕೊಡುತ್ತೇನೆ. ಜಾಯಿಂಟು ಇವನೇ ಮಾಡುತ್ತಾನೆ’ ಎಂದು ಕೈಕಟ್ಟಿ ನಿಂತ.

ಕೆಟ್ಟ ತುದಿ ಕತ್ತರಿಸಿ, ಪೈಪಿಗೆ ಹೊಸ ತುಂಡು ಸೇರಿಸಿ, ಹೊಸ ಉಂಗುರ ಹಾಕಿ, ಒಂದೇ ಸುತ್ತು ತಿರುಗಿಸಿದೆ. ನೀರು ಬಿಟ್ಟೆವು. ಸೋರಿಕೆ ಪರೀಕ್ಷಿಸಲು ಜಾಯಿಂಟಿನ ಕೆಳಗೆ ಟಿಶ್ಯೂ ಕಾಗದ ಹಿಡಿದು ಕಾಯಬೇಕು. ಒಂದು ಹನಿ ಬಿದ್ದರೂ ಅದು ಚಾಡಿ ಹೇಳುತ್ತದೆ. ಹಿಡಿದು ಕೂತೆ. ನಿಮಗೆ ನಿಜ ಹೇಳುತ್ತೇನೆ: ಆ ಹತ್ತು ನಿಮಿಷ ಅದು ಒಣಗಿರಲಿ ಎಂದು ಬೇಡುತ್ತಿದ್ದೆನೋ, ನೆನೆಯಲಿ ಎಂದು ಬೇಡುತ್ತಿದ್ದೆನೋ, ನನಗೇ ತಿಳಿಯಲಿಲ್ಲ. ನೆನೆದರೆ ಇಪ್ಪತ್ತನೆಯ ದಿನ ನಾನು ಧಾರವಾಡದ ಕಚೇರಿಯಲ್ಲಿ, ನನ್ನ ಕುರ್ಚಿಯಲ್ಲಿ, ‘ಸಾಹೇಬ್ರ’ ಎಂದು ಕರೆಸಿಕೊಳ್ಳುತ್ತಾ ಇರುತ್ತಿದ್ದೆ. ಶೈಲಾ ಮಾತ್ರ ಇರುತ್ತಿರಲಿಲ್ಲ.

ಕಾಗದ ಒಣಗಿಯೇ ಇತ್ತು. ‘ಸೋಮವಾರ, ಏಳೂವರೆ’ ಎಂದ ಬ್ರೆಂಡನ್.

ಮರುದಿನ ಇಲಾಖೆಗೆ ರಾಜೀನಾಮೆ ಬರೆದೆ. ಮಾನ್ಯರೇ ಎಂಬಲ್ಲಿಂದ ತಮ್ಮ ವಿಧೇಯ ಎಂಬಲ್ಲಿಯವರೆಗೆ ಯಾವ ವಿಧಿಯನ್ನೂ ಬಿಡಲಿಲ್ಲ. ಶೈಲಾ ಓದಿ ತಲೆಯೆತ್ತಿದಳು.

‘ಕಾರಣ ಅನ್ನೋ ಕಡೆ ಖಾಲಿ ಬಿಟ್ಟೀರಲ್ರೀ?’

‘ಏನ ಬರೀಲಿ? ಸೋರಲಿಲ್ಲ ಅಂತ ಬರೀಲೇನು?’

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಖಾಲಿ ಬಿಟ್ಟ ಸಾಲಿನಲ್ಲಿ, ಔಷಧದ ಚೀಟಿ ಬರೆಯುವ ಅದೇ ಅಕ್ಷರದಲ್ಲಿ, ‘ಹೆಂಡತಿ’ ಎಂದು ಬರೆದಳು.