ಮರದ ಮೇಲಿದ್ದವರ ಫೋನು

ಟವೆಲು ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ದ ಸೆವರಿನ್, ತೆಂಗಿನಮರದ ತುದಿಗೆ ಮುಖ ಎತ್ತಿ, ಅರ್ಧ ಕೂಳೂರಿಗೆ ಕೇಳುವ ಹಾಗೆ ತನ್ನ ಎಟಿಎಂ ಕಾರ್ಡಿನ ಗುಟ್ಟಿನ ನಂಬರನ್ನು ಕೂಗಿ ಹೇಳಿಬಿಟ್ಟ.

"ಒಂದು, ಒಂಬತ್ತು, ಒಂಬತ್ತು, ಏಳು!"

ತಪ್ಪು ಪೂರ್ತಿ ಅವನದಲ್ಲ. ಮೇಲಿದ್ದ ಜಯ ಕಾಯಿ ತೆಗೆದು ಮುಗಿಸಿ, "ಪೊರ್ಬುಲೇ, ಒಟಿಪಿ ಹೇಳಿ" ಎಂದು ಮರ್ಯಾದೆಯಿಂದ ಕೇಳಿದ್ದ. ಫೋನಿಗೆ ಬಂದ ನಾಲ್ಕಂಕಿ ಹೇಳಿದರೆ ಮಾತ್ರ ಕೆಲಸ ಮುಗಿದ ಹಾಗೆ. ಕನ್ನಡಕವಿಲ್ಲದ ಸೆವರಿನನಿಗೆ ನಾಲ್ಕಂಕಿ ಎಂದೊಡನೆ ಬಾಯಿಗೆ ಬಂದದ್ದು ಅದೊಂದೇ.

"ಇದು ತಗೊಳ್ಳುವುದಿಲ್ಲ ಪೊರ್ಬುಲೇ. ಬೇರೆ ಉಂಟಾ?"

ಕಂಪೌಂಡಿನ ಆಚೆಯಿಂದ ನಿವೃತ್ತ ಟೀಚರ್ ಶಶಿಪ್ರಭಾ ಕತ್ತು ಎತ್ತಿದರು. "ಸೆವರಿನರೇ, ಅದು ನಿಮ್ಮ ಮದುವೆಯ ಇಸವಿ ಅಲ್ವಾ? ನನಗೆ ನೆನಪುಂಟು, ಐಸ್‌ಕ್ರೀಮ್ ಮುಗಿದುಹೋಗಿತ್ತು."

ಈ ಒಟಿಪಿಯ ಕರ್ತೃ ಅವನ ಹೆಂಡತಿ ಲಿಡಿಯಾ. ಇಪ್ಪತ್ತೆರಡು ವರ್ಷ ಒಂದು ದೊಡ್ಡ ಕಂಪೆನಿಯಲ್ಲಿ ಎಚ್‌ಆರ್ ಆಗಿದ್ದವಳು, ಐವತ್ತನೆಯ ವಯಸ್ಸಿನಲ್ಲಿ ರಾಜೀನಾಮೆ ಕೊಟ್ಟು ಸ್ಟಾರ್ಟಪ್ ಶುರುಮಾಡಿದಳು. ಮಂಗಳೂರಿನಲ್ಲಿ ಮನೆಗೆ ನಾಲ್ಕು ತೆಂಗಿನಮರ ಉಂಟು, ಹತ್ತುವವರು ಇಲ್ಲ. ಹತ್ತುವವರು ಎಲ್ಲೋ ಇದ್ದಾರೆ, ಸಿಗುವುದಿಲ್ಲ. ಆ್ಯಪ್‌ನಲ್ಲಿ ಒತ್ತಿದರೆ ಮರ ಹತ್ತುವವನು ಗೇಟಿನಲ್ಲಿ. ಇಷ್ಟು ಸೆವರಿನನಿಗೂ ಅರ್ಥವಾಗಿತ್ತು. ಆಮೇಲಿನದ್ದು ಅರ್ಥವಾಗಲಿಲ್ಲ.

ಪಣಂಬೂರಿನ ಬಂದರಿನಲ್ಲಿ ಹಡಗು ಬಂತೇ, ಹೋಯಿತೇ ಎಂದು ಬರೆದಿಡುವ ಕೆಲಸ ಅವನದು. ಬಂದದ್ದು ಹೋಗಲೇಬೇಕು ಎಂಬುದರ ಆಚೆಗಿನ ವ್ಯವಹಾರ ಅವನ ತಲೆಗೆ ಹೋಗುತ್ತಿರಲಿಲ್ಲ. ಲಿಡಿಯಾಳ ಹಳೆಯ ಬಾಸ್ ಶೈಲೇಶ್ ಒಳ್ಳೆಯ ಮನುಷ್ಯ. "ಒಂದು ವರ್ಷ ನಿಮ್ಮ ಕುರ್ಚಿ ಹಾಗೇ ಇಡ್ತೇನೆ" ಎಂದಿದ್ದರು. ಆ ಕುರ್ಚಿ ಉಂಟೆಂಬ ಧೈರ್ಯದಿಂದ ಸೆವರಿನ್ ನಿದ್ದೆ ಮಾಡುತ್ತಿದ್ದ. ಅದೇ ಕುರ್ಚಿ ನೆನಪಾಗಿ ಲಿಡಿಯಾಳಿಗೆ ನಿದ್ದೆ ಬರುತ್ತಿರಲಿಲ್ಲ.

ಮೊದಲ ತಿಂಗಳು ಇನ್ನೂರು ಬುಕಿಂಗ್. ಆಮೇಲೆ ನೂರು. ಆಮೇಲೆ ಮೂವತ್ತು. ಹತ್ತನೆಯ ತಿಂಗಳು ಬಂದದ್ದು ನಾಲ್ಕು, ಅದರಲ್ಲಿ ಒಂದು ಅಡಿಕೆಮರ.

"ದೂರು ಉಂಟಾ?" ಎಂದು ಕೇಳಿದ ಸೆವರಿನ್.

"ಒಂದೂ ಇಲ್ಲ. ಎಲ್ಲರೂ ಐದು ಸ್ಟಾರ್ ಕೊಟ್ಟಿದ್ದಾರೆ. ಎಂತ ಮಾರಾಯ ಇದು, ಊರಿನ ಮರದಲ್ಲೆಲ್ಲ ಕಾಯಿ ಬಿಡುವುದು ನಿಂತಿತಾ?"

ತನಿಖೆಗೆಂದು ಅವಳು ಕುದ್ರೋಳಿಯ ಹಳೆಯ ಗಿರಾಕಿ ನಬೀಸಾರ ಮನೆಗೆ ಹೋದಳು. ಸ್ಕೂಟರಿನ ಹಿಂದೆ ಸೆವರಿನ್. ಮರಗಳು ಕ್ಷೌರ ಮಾಡಿಸಿಕೊಂಡಂತೆ ಚೊಕ್ಕವಾಗಿದ್ದವು.

"ಯಾರು ತೆಗೆದದ್ದು?"

"ನಮ್ಮ ಜಯ," ಎಂದರು ನಬೀಸಾ. "ಎಷ್ಟು ಮರ್ಯಾದೆಯ ಜನ ಗೊತ್ತುಂಟಾ! ಹೆಸರು ಹೇಳಿದ, ನನ್ನ ಮಂಡಿನೋವು ಕೇಳಿದ, ಕೂತು ಚಾ ಕುಡಿದ. ಮಗಳ ಮದುವೆಗೂ ಬಂದಿದ್ದ. ಇನ್ನು ಅವನಿಗೆ ಆ್ಯಪ್‌ನಲ್ಲಿ ಯಾಕೆ ಹೇಳುವುದು? ಮನೆಯವನಿಗೆ ಫೋನೇ ಮಾಡ್ತೇನೆ."

ಹೆಸರು ಹೇಳಿ, ನಗಿ, ಮನೆಯವರ ಆರೋಗ್ಯ ಕೇಳಿ, ಅವಸರ ಮಾಡಬೇಡಿ ಎಂದು ಇಪ್ಪತ್ತು ಮಂದಿ ಮರ ಹತ್ತುವವರನ್ನು ಕೂರಿಸಿ ಎರಡು ದಿನ ತರಬೇತಿ ಕೊಟ್ಟವಳು ಲಿಡಿಯಾಳೇ. ಅವರು ಅಕ್ಷರಶಃ ಪಾಲಿಸಿದ್ದರು. ಮಂಗಳೂರಿನಲ್ಲಿ ಒಂದು ಚಾ ಕುಡಿಯುವಷ್ಟರಲ್ಲಿ ಯಾವ ಊರು, ಯಾರ ಮಗ ಎಂದು ಗೊತ್ತಾಗುತ್ತದೆ. ಚಾ ಮುಗಿಯುವಾಗ ನಂಬರು ಸಿಕ್ಕಿರುತ್ತದೆ.

ಮನೆಗೆ ಬಂದು ಸ್ಕೂಟರ್ ನಿಲ್ಲಿಸಿದವಳು ತಲೆ ಎತ್ತಿದಳು. ಅವರ ನಾಲ್ಕು ಮರಗಳೂ ಚೊಕ್ಕವಾಗಿದ್ದವು.

"ಸೆವರಿನ್, ಇದಕ್ಕೆ ಬುಕಿಂಗ್ ಎಲ್ಲುಂಟು?"

ಸೆವರಿನ್ ಹೆಲ್ಮೆಟ್ ತೆಗೆಯಲಿಲ್ಲ. ಒಳಗಿನಿಂದಲೇ ಹೇಳಿದ: "ಆ ಒಟಿಪಿಯ ನಂತರ ನನಗೆ ಹೆದರಿಕೆ ಲಿಡಿಯಾ. ಫೋನ್ ಮಾಡಿದೆ."

ವರ್ಷ ಮುಗಿಯಲು ಎರಡು ದಿನ ಇರುವಾಗ ಜಯನೇ ಮನೆಗೆ ಬಂದ, ಮೊಣಕೈಗೆ ಬ್ಯಾಂಡೇಜು.

"ಬಾಯಮ್ಮ," ಎಂದ ಲಿಡಿಯಾಳಿಗೆ, "ನನ್ನಿಂದ ಆಗುವುದಿಲ್ಲ. ಮರದ ತುದಿಯಲ್ಲಿದ್ದಾಗ ಹತ್ತು ಕಾಲ್ ಬರ್ತದೆ. ತೆಗೆಯದಿದ್ದರೆ ಬೇಜಾರು ಮಾಡ್ತಾರೆ, ಎಲ್ಲ ಮನೆಯವರ ಹಾಗೆ ಅಲ್ವಾ? ನಿನ್ನೆ ತೆಗೆಯಲಿಕ್ಕೆ ಹೋಗಿ ಜಾರಿದೆ. ನೀವು ನನ್ನ ಫೋನ್ ಇಟ್ಟುಕೊಳ್ಳಿ. ಯಾವ ದಿನ ಯಾರ ಮನೆ ಅಂತ ನೀವೇ ಹೇಳಿ. ಮರಕ್ಕೆ ಇಷ್ಟು ಅಂತ ನಾನು ಕೊಡ್ತೇನೆ. ಉಳಿದವರೂ ಹಾಗೇ ಹೇಳ್ತಾ ಇದ್ದಾರೆ."

ಮರುದಿನ ಊಟದ ಮೇಜಿನ ಮೇಲೆ ಒಂಬತ್ತು ಫೋನುಗಳು ಸಾಲಾಗಿ ಕೂತವು, ಒಂದೊಂದರ ಬೆನ್ನಿಗೂ ಹೆಸರಿನ ಚೀಟಿ. ಸೆವರಿನ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಮೊದಲು ಹೆಂಡತಿ ಇವರಿಗೆ ಕೆಲಸ ಕೊಡುತ್ತಿದ್ದಳು, ಈಗ ಇವರು ಹೆಂಡತಿಗೆ ಕೊಟ್ಟಿದ್ದಾರೆ. ಹಾಗಾದರೆ ಕಂಪೆನಿ ಮುಳುಗಿತೋ, ಬೆಳೆಯಿತೋ? ಕೇಳೋಣವೆಂದರೆ ಅವಳಿಗೆ ಪುರುಸೊತ್ತಿಲ್ಲ.

ಜಯನ ಫೋನು ರಿಂಗಾಯಿತು. ಲಿಡಿಯಾ ಸ್ಪೀಕರಿಗೆ ಹಾಕಿ ಪೆನ್ನು ಹಿಡಿದಳು.

"ಜಯ, ನಮ್ಮ ಮನೆಯ ಕಾಯಿ ಬೀಳ್ತಾ ಉಂಟು ಮಾರಾಯ," ಎಂದಿತು ಒಂದು ಗಂಡಸಿನ ಸ್ವರ.

"ಜಯ ಮರದಲ್ಲಿದ್ದಾರೆ. ಎಷ್ಟು ಮರ?"

"ಲಿಡಿಯಾ? ಶೈಲೇಶ್ ನಾನು. ಅದು... ಆ್ಯಪ್ ಯಾಕೋ ಓಪನ್ ಆಗಲಿಲ್ಲ. ಇರಲಿ, ನಾಳೆಗೆ ಒಂದು ವರ್ಷ ಆಯ್ತಲ್ಲ. ಕುರ್ಚಿ ಇನ್ನೂ ಖಾಲಿ ಉಂಟು. ಮತ್ತೆ, ಬರ್ತೀರಾ?"

ಸೆವರಿನ್ ತುತ್ತು ಕೈಯಲ್ಲೇ ಹಿಡಿದ.

"ಬುಧವಾರ ಬೆಳಿಗ್ಗೆ ಎಂಟಕ್ಕೆ ಬರ್ತೇವೆ ಸರ್," ಎಂದಳು ಲಿಡಿಯಾ. "ನಾಯಿ ಕಟ್ಟಿಹಾಕಿ."