ಖಾದರಸಾಬರ ಎಂಟನೇ ಸ್ಟೇಜು

ಕೆಟ್ಟುನಿಂತ ಯಂತ್ರವನ್ನು ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಮದುವೆ ಮನೆಗೆ ಹೋದರೂ ಅಷ್ಟೇ, ಉಳಿದವರು ಬುಂದೆ ಲಾಡಿನ ಕಡೆ ನೋಡುತ್ತಿದ್ದರೆ ನಾನು ಗೊರಗೊರ ಎನ್ನುವ ಮೈಕಿನ ಕಡೆ ನೋಡುತ್ತಿರುತ್ತೇನೆ. ಗಜೇಂದ್ರಗಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು ನನ್ನ ನೌಕರಿ. ಊರವರ ರೇಡಿಯೊ, ಮಿಕ್ಸರ್‌ಗಳನ್ನು ಬಿಚ್ಚುವುದು ನನ್ನ ಚಟ. ಬಿಚ್ಚಿದ್ದನ್ನೆಲ್ಲ ಜೋಡಿಸಿದ್ದೇನೆ ಎಂದು ನಾನು ಎಲ್ಲಿಯೂ ಹೇಳಿಕೊಂಡಿಲ್ಲ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದರೆ, ಕಂಪನಿಯವರು ಹೆಚ್ಚಿಗೆ ಹಾಕಿದ್ದರು ಎಂದುಕೊಂಡು ಡಬ್ಬಿಯಲ್ಲಿ ಹಾಕಿಡುತ್ತೇನೆ. ಈಗ ಎರಡನೆಯ ಡಬ್ಬಿ ತುಂಬುತ್ತಿದೆ.

ಈ ಕೀರ್ತಿ ಕೇಳಿಯೇ ಖಾದರಸಾಬರು ನನ್ನನ್ನು ಹುಡುಕಿಕೊಂಡು ಬಂದದ್ದು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಸೈಕಲ್ ಅಂಗಡಿ. ಅದರ ಮೂಲೆಯಲ್ಲಿ ಆಳೆತ್ತರದ ಒಂದು ಹಳೆಯ ವಿಡಿಯೊ ಗೇಮ್. ವಿಮಾನ ಹಾರಿಸಿ ವೈರಿ ವಿಮಾನಗಳನ್ನು ಹೊಡೆಯುವ ಆಟ. ಗಿರಾಕಿಗಳಿಗೆಂದು ತಂದದ್ದಾದರೂ ಹೆಚ್ಚು ಆಡಿದವರು ಸ್ವತಃ ಮಾಲೀಕರೇ. ಅರವತ್ತರ ಹತ್ತಿರ ಬಂದ ಮನುಷ್ಯ, ಪಂಕ್ಚರಾದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿಟ್ಟು, ಗಿರಾಕಿ ಗುಳ್ಳೆ ಎಣಿಸುವಷ್ಟರಲ್ಲಿ ಒಂದು ಆಟ ಮುಗಿಸಿ ಬರುತ್ತಿದ್ದರು. ಹತ್ತು ವರ್ಷ ಹೀಗೆ ಹೆಣಗಿ ಒಂದು ಮಧ್ಯಾಹ್ನ ಏಳನೇ ಸ್ಟೇಜು ದಾಟಿದರು. ದಾಟಿದ ಕ್ಷಣಕ್ಕೇ ಪರದೆ ಕಪ್ಪಾಯಿತು. ಸಪ್ಪಳ ಮಾತ್ರ ನಡೆದೇ ಇತ್ತು.

“ಎಂಟನೇದ್ರ ಮ್ಯೂಜಿಕ್ ಕಿವಿಲೆ ಕೇಳೇನ್ರಿ ಮಾಸ್ತರ, ಮಾರಿ ನೋಡಿಲ್ಲ,” ಎಂದರು. “ಅದ್ರಾಗ ಏನೈತಿ ಅನ್ನೂದ ಒಮ್ಮಿ ನೋಡಬೇಕ್ರಿ. ಮತ್ತೇನೂ ಬ್ಯಾಡ ನನಗ.”

ಹೆಣ್ಣು ನೋಡಲು ಹೋದಾಗ ಕರೆಂಟು ಹೋದರೆ ವರನ ಮುಖ ಹೇಗಿರಬಹುದೋ ಹಾಗಿತ್ತು ಅವರ ಮುಖ. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು.

ಬಿಚ್ಚಿ ನೋಡಿದೆ. ಸತ್ತಿದ್ದದ್ದು ಬಣ್ಣದ ಚಿಪ್ಪು. ಯಾವುದಕ್ಕೆ ಯಾವ ಬಣ್ಣ ಎಂದು ಪರದೆಗೆ ಹೇಳಿಕೊಡುವ, ಹದಿನಾರು ಕಾಲಿನ ಒಂದು ಕಪ್ಪು ಹುಳು. ಆ ಆಟದ ಕಂಪನಿ ತನಗಷ್ಟೇ ಮಾಡಿಸಿಕೊಂಡದ್ದು. ಮೊದಲು ಚಿಪ್ಪು ಮಾಡಿಸುವುದನ್ನು ನಿಲ್ಲಿಸಿ ಆಮೇಲೆ ಕಂಪನಿಯೇ ನಿಂತುಹೋಗಿತ್ತು. ಕನ್ನಡದಲ್ಲಿ ಚಿಪ್ಪು ಎಂದರೆ ತೆಂಗಿನದೂ ಆಗುತ್ತದೆ, ಆಮೆಯದೂ ಆಗುತ್ತದೆ. ಕೈಗೆ ಬಂತೆಂದರೆ ಮನುಷ್ಯ ಹಾಳಾದ ಎಂದೂ ಆಗುತ್ತದೆ. ನನ್ನ ಕೈಗೆ ಬಂದದ್ದು ಯಾವುದೆಂದು ತಿಳಿಯುವ ಮೊದಲೇ ಬಾಯಿ ಬಿಟ್ಟೆ: “ಸಿಗದಿದ್ರ ಏನಾತ್ರಿ, ನಾನ ಮಾಡ್ತೀನಿ.”

ಅದೇ ಆಟ ನರಗುಂದದ ಒಂದು ಚಹಾದಂಗಡಿಯಲ್ಲಿ ಇನ್ನೂ ಜೀವ ಹಿಡಿದುಕೊಂಡಿತ್ತು. ರೋಣದ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಹೋದೆ. ಅಂಗಡಿಯವರನ್ನು ಕಾಡಿಬೇಡಿ ಅದರ ಚಿಪ್ಪನ್ನು ಒಂದು ತಾಸು ಇಸಿದುಕೊಂಡು, ಬ್ಯಾಟರಿ ಮತ್ತು ಎಂಟು ಪುಟ್ಟ ದೀಪ ಹಚ್ಚಿ ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಬಾಯಿ ಬಿಡಿಸಿದೆ. ಮೂವತ್ತೆರಡು ಸಾಲು, ಸಾಲಿಗೆ ಎಂಟು ಮನೆ. ದೀಪ ಹತ್ತಿದರೆ ಗ್ರಾಫ್ ಹಾಳೆಯ ಮನೆ ತುಂಬುವುದು, ಹತ್ತದಿದ್ದರೆ ಖಾಲಿ ಬಿಡುವುದು.

ಹಾಳೆಯನ್ನು ಮನೆಯ ಕಟ್ಟೆಯ ಮೇಲೆ ಹರವಿಕೊಂಡು ಕೂತಿದ್ದಾಗ ನೆರೆಮನೆಯ ಈರಪ್ಪ ಬಗ್ಗಿ ನೋಡಿದ. ಕೈಮಗ್ಗದ ಸೀರೆ ನೇಯುವ ಮನುಷ್ಯ. “ಯಾವ ಸೀರಿ ಅಂಚ್ರಿ ಸರ ಇದು?” ಎಂದು ಕೇಳಿದ. ಅಂಚಲ್ಲ, ಆಕಾಶದ ಬಣ್ಣ ಎಂದು ಹೇಳಿದರೆ ಹೆಚ್ಚು ಗೊಂದಲವಾದೀತೆಂದು, ಕೆಲಸವನ್ನಷ್ಟೇ ಹೇಳಿದೆ. ಹಲಗೆಯ ಮೇಲೆ ಅಡ್ಡಕ್ಕೆ ಮೂವತ್ತೆರಡು ತಂತಿ, ಉದ್ದಕ್ಕೆ ಎಂಟು ತಂತಿ. ತುಂಬಿದ ಮನೆ ಇದ್ದಲ್ಲೆಲ್ಲ ಒಂದು ಡಯೋಡು ಕಟ್ಟಬೇಕು. ಡಯೋಡೆಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಅಕ್ಕಿಕಾಳಿನಷ್ಟರ ಗಾಜಿನ ತುಂಡು. ನನ್ನ ಬೆರಳಿಗೆ ಅದು ಸಿಗುವುದೇ ಕಷ್ಟ. ಈರಪ್ಪನಿಗಾದರೋ ಹಾಸು ಹೊಕ್ಕು ಹುಟ್ಟಿನಿಂದಲೇ ಗೊತ್ತು. ಎರಡು ದಿನದಲ್ಲಿ ಕಟ್ಟಿಕೊಟ್ಟ. ಬೆರಳ ತುದಿಯ ಚಿಪ್ಪು ಜೋಳದ ರೊಟ್ಟಿಯಷ್ಟು ಅಗಲವಾಗಿ ಮರುಹುಟ್ಟು ಪಡೆಯಿತು.

ಅದನ್ನು ಅಂಗಡಿಗೆ ಒಯ್ದು ಯಂತ್ರದೊಳಗೆ ಕೂರಿಸಿ ಸ್ವಿಚ್ ಹಾಕಿದೆ. ಪರದೆ ಬೆಳಗಿತು. ಆಕಾಶ ಕುಂಕುಮದ ಬಣ್ಣ. ಸಮುದ್ರ ಗಿಣಿಹಸಿರು. ವೈರಿ ವಿಮಾನಗಳೂ ಗಿಣಿಹಸಿರು, ಆದ್ದರಿಂದ ಸಮುದ್ರದ ಮೇಲೆ ಬಂದವೆಂದರೆ ಮಾಯ.

“ಯಾಂವ ಹೊಡ್ಯಾಕತ್ತಾನ ಅನ್ನೂದ ತಿಳೀವಲ್ದಲ್ರಿ ಮಾಸ್ತರ!” ಎಂದು ಕೂಗುತ್ತ ಖಾದರಸಾಬರು ಒಂದನೇ ಸ್ಟೇಜಿನಲ್ಲೇ ಮೂರು ಸಲ ಸತ್ತರು.

ಹಾಳೆಗೂ ಹಲಗೆಗೂ ತಾಳೆ ನೋಡಿದೆ. ಒಂಬತ್ತು ಡಯೋಡು ಹೆಚ್ಚಿಗೆ ಇದ್ದವು. ಈರಪ್ಪನನ್ನು ಕೇಳಿದರೆ ಅವನಿಗೆ ಕಿಂಚಿತ್ತೂ ಅಳುಕಿಲ್ಲ. “ನಿಮ್ಮ ಹಾಳ್ಯಾಗ ಎಳಿ ತಪ್ಪಿತ್ರಿ ಸರ. ಎಡಕಿನ ಹೂವಿಗೆ ನಾಕ ಎಸಳ, ಬಲಕಿಂದಕ್ಕ ಮೂರ. ಅಂಥಾ ಅಂಚ ಮಗ್ಗದಿಂದ ಇಳಿಸಿದ್ರ ನಮ್ಮ ಹೆಸರ ಉಳೀತೈತೇನ್ರಿ? ಚಂದ ಮಾಡೇನಿ.”

ಓಲೆಗರಿಯ ಕಾಲದಲ್ಲೂ ಇಂಥವರಿದ್ದರಂತೆ. ಕೆಲವು ಲಿಪಿಕಾರರು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಕ್ಷಮಿಸಿ ಎಂದು ಕೈಮುಗಿದು ಮುಗಿಸುತ್ತಿದ್ದರು. ಇನ್ನು ಕೆಲವರು ಕವಿಯ ಸಾಲು ಯಾಕೋ ಸಪ್ಪೆ ಎನಿಸಿದಲ್ಲಿ ತಾವೇ ಒಂದಿಷ್ಟು ಒಗ್ಗರಣೆ ಹಾಕುತ್ತಿದ್ದರು. ಕವಿಯದೆಷ್ಟು, ಒಗ್ಗರಣೆಯದೆಷ್ಟು ಎಂದು ಪಂಡಿತರು ಇಂದಿಗೂ ಜಗಳಾಡುತ್ತಾರೆ. ಚಂದದ್ದನ್ನು ನಕಲು ಮಾಡುವುದು ಸುಲಭ. ಅಂದಗೆಟ್ಟದ್ದನ್ನು ಅಂದಗೆಟ್ಟ ಹಾಗೆಯೇ ನಕಲು ಮಾಡಲು ವೈರಾಗ್ಯ ಬೇಕು. ಈರಪ್ಪನಿಗೆ ಆ ವೈರಾಗ್ಯ ಹುಟ್ಟಿಸಲು ನನಗೆ ಅರ್ಧ ದಿನ ಹಿಡಿಯಿತು. ಕೊನೆಗೆ ಮುಖ ಗಂಟಿಕ್ಕಿಕೊಂಡೇ ಒಂಬತ್ತನ್ನೂ ಕಿತ್ತ.

ಆಕಾಶ ನೀಲಿಯಾಯಿತು. ಖಾದರಸಾಬರು ಎಂಟು ದಿನ ಪಟ್ಟು ಹಿಡಿದರು. ಶನಿವಾರ ಬೆಳಗಿನ ಸಾಲಿ ಮುಗಿಸಿಕೊಂಡು ನಾನು ಅಂಗಡಿಗೆ ಹೋಗುವಷ್ಟರಲ್ಲಿ ಏಳನೆಯದು ಮುಗಿಯುವುದರಲ್ಲಿತ್ತು. ಈರಪ್ಪ ಮಗ್ಗ ಬಿಟ್ಟು ಬಂದು ನಿಂತಿದ್ದ. ಏಳು ದಾಟಿತು. ಎಂಟು ಬಂತು.

ಅದೇ ಸಮುದ್ರ. ಎಡ ಮೂಲೆಯಿಂದ ಅವೇ ಮೂರು ವಿಮಾನ. ಓಟ ಮಾತ್ರ ಜೋರು.

“ಇದು ಒಂದನೇದ ಐತಲ್ರಿ!” ಎಂದರು ಖಾದರಸಾಬರು.

“ಡಿಸೈನ್ ತೀರಿರಬೇಕ್ರಿ, ಮೊದಲಿಂದನ ತಿರುಗಿ ಹಚ್ಚ್ಯಾರ,” ಎಂದ ಈರಪ್ಪ. “ನಾವೂ ಸೀರಿ ತುಂಬ ಹಂಗ ಮಾಡ್ತೀವಲ್ರಿ.”

ಅವನೆಂದದ್ದೇ ನಿಜ. ಹೊಸ ಸ್ಟೇಜು ಬರೆಯಲು ಜಾಗ ಸಾಲದೆ ಕಂಪನಿಯವರೇ ಒಂದನೆಯದನ್ನು ಮತ್ತೆ ಓಡಿಸಿದ್ದರು. ಆದರೆ ಖಾದರಸಾಬರು ಪರದೆ ಬಿಟ್ಟು, ಯಂತ್ರದ ತೆರೆದಿಟ್ಟ ಬಾಗಿಲಲ್ಲಿ ಕಾಣುತ್ತಿದ್ದ ನನ್ನ ರೊಟ್ಟಿಯಗಲದ ಚಿಪ್ಪನ್ನು ನೋಡುತ್ತಿದ್ದರು.

“ಇದು ಡುಪ್ಲಿಕೇಟ್ ಐತಲ್ರಿ, ಅದಕ್ಕ ಎಂಟನೇದು ಇದ್ರಾಗ ಹಿಡಿದಿಲ್ಲ. ವರಿಜಿನಲ್‌ನ್ಯಾಗ ಎಂಟನೇದು ಇತ್ರಿ. ಅದರ ಮ್ಯೂಜಿಕ್ ಬ್ಯಾರೆನ ಇತ್ತು.”

ನನಗೆ ಸಿಟ್ಟು ನೆತ್ತಿಗೇರಿತು. ಆ ಚಿಪ್ಪಿನಲ್ಲಿರುವುದು ಬಣ್ಣ ಮಾತ್ರ, ಸ್ಟೇಜು ಇರುವುದೇ ಬೇರೆ ಕಡೆ ಎಂದು ಕರಿಹಲಗೆ ಇದ್ದಿದ್ದರೆ ಚಿತ್ರ ಬರೆದು ತೋರಿಸುತ್ತಿದ್ದೆ. ನಮ್ಮ ಕಡೆ ಟ್ಯೂಬಿನಿಂದ ಹಿಡಿದು ಟೂತ್‌ಪೇಸ್ಟಿನ ತನಕ ಎಲ್ಲಕ್ಕೂ ವರಿಜಿನಲ್, ಡುಪ್ಲಿಕೇಟ್ ಎಂದು ಎರಡೇ ಜಾತಿ. ಎರಡನೆಯ ಜಾತಿಯಲ್ಲಿ ಹುಟ್ಟಿದ್ದಕ್ಕೆ ಎಷ್ಟು ಚಲೋ ಕೆಲಸ ಮಾಡಿದರೂ ಮರ್ಯಾದೆಯಿಲ್ಲ. ಹೇಳಲೆಂದು ಬಾಯಿ ತೆರೆದೆ. ಆಗ ಅವರ ಮುಖ ಕಂಡಿತು. ಹತ್ತು ವರ್ಷ ಹೆಣಗಿದ್ದು ಮತ್ತೆ ಒಂದನೆಯದಕ್ಕೇ ಬರಲಿಕ್ಕೆ ಎಂಬ ಮಾತು ಆ ಮುಖದ ಹತ್ತಿರ ಸುಳಿದು, ಒಳಗೆ ಹೋಗಲು ದಾರಿ ಸಿಗದೆ ಹೊರಗೇ ನಿಂತಿತ್ತು. ಅದಕ್ಕೆ ಬಾಗಿಲು ತೆರೆದುಕೊಡಲು ನನಗೆ ಮನಸ್ಸಾಗಲಿಲ್ಲ.

“ಖರೇ ಐತ್ರಿ ಖಾದರಸಾಬ್ರ,” ಎಂದೆ. “ಎಂಟನೇದು ನನ್ನ ಕೈಲೆ ಆಗಲಿಲ್ಲ.”

ಅವರು ನನ್ನ ಬೆನ್ನು ತಟ್ಟಿದರು. “ಇರ್ಲಿ ಬಿಡ್ರಿ ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮನ್ಯಾಗ ಮಾಡಿದ್ದಕ್ಕ ಏಳ ಸ್ಟೇಜ್ ಭಾಳ ಆತು.”